ಇನ್ನೊಂದು ಕೀ ಯಾರ ಹತ್ತಿರ

"ನಿನ್ನ ಬೀಗಾನ ನಿನ್ನ ಕೇಳದೆ ಇನ್ಯಾವತ್ತೂ ತೆಗೆಯಲ್ಲ ಕಣೆ" ಎಂದು ಕೀಲಿಯಕ್ಕ ಮಾತು ಕೊಟ್ಟಾಗ ಮಗಳಿಗೆ ಹತ್ತು ವರ್ಷ.

ಕೀಲಿಯಕ್ಕನ ಬೀಗದಂಗಡಿಯಲ್ಲಿ ಕೀ ಉಜ್ಜುವ ಸಣ್ಣ ಅರವೊಂದು ಕಾಣೆಯಾಗಿತ್ತು. ಅನುಮಾನ ನೇರವಾಗಿ ಹೋಗಿ ನಿಂತದ್ದು ಮಗಳ ತಗಡಿನ ಪೆಟ್ಟಿಗೆಯ ಮೇಲೆ. ಅದಕ್ಕೊಂದು ಬೆರಳುಗಾತ್ರದ ಬೀಗ. ದಿನಕ್ಕೆ ಮೂವತ್ತು ಕೀ ಕೊರೆಯುವವಳಿಗೆ ಅದೂ ಒಂದು ಬೀಗವೆ? ಹೇರ್‌ಪಿನ್ನು ತೂರಿಸಿ, ಹುಡುಗಿಯ ಕಣ್ಣೆದುರೇ, ಬಟಾಣಿ ಸುಲಿದಷ್ಟು ಸಲೀಸಾಗಿ ತೆಗೆದಿದ್ದಳು. ಒಳಗೆ ಒಂದು ಹಾಲುಹಲ್ಲು, ಎರಡು ಬಸ್ ಟಿಕೆಟು, ಅಮ್ಮನ ಮೇಲೆ ಸಿಟ್ಟು ಬಂದಾಗಲೆಲ್ಲ ಬರೆದು ಮಡಚಿಟ್ಟ ಚೀಟಿಗಳು. ಅರ ಮಾರನೆಯ ದಿನ ಕೀಲಿಯಕ್ಕನದೇ ಏಪ್ರನ್ನಿನ ಜೇಬಿನಲ್ಲಿ ಸಿಕ್ಕಿತು. ಹುಡುಗಿ ಎರಡು ದಿನ ತುಟಿ ಬಿಚ್ಚಲಿಲ್ಲ. ಮೂರನೆಯ ದಿನ ತಾಯಿ ಸೋತು ಆ ಮಾತು ಕೊಟ್ಟಳು.

ಕೊಟ್ಟ ಮಾತಿನ ಫಲ ದೊಡ್ಡದೇ ಇತ್ತು. ಗಂಡ ಹೋದ ಮೇಲೆ ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಯಾರ ಮೇಲೆ ಸಿಟ್ಟು, ಯಾವ ಪರೀಕ್ಷೆ ಕೈಕೊಟ್ಟಿತು, ಯಾವ ಹುಡುಗ ಹಿಂದೆ ಸುತ್ತುತ್ತಿದ್ದಾನೆ, ಎಲ್ಲವನ್ನೂ ಮಗಳು ತಾನಾಗಿಯೇ ತಂದು ಅಮ್ಮನ ಮುಂದೆ ಸುರಿಯುತ್ತಿದ್ದಳು. ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಕೀಲಿಯಕ್ಕನ ಪಾಲಿಗೆ ದುಡಿತದ ದಣಿವೆಲ್ಲ ಇಳಿಯುತ್ತಿದ್ದದ್ದು ಆ ಹೊತ್ತಿನಲ್ಲೇ.

ಹೀಗಿರುವಾಗ ಮಗಳು ಓದುತ್ತಿದ್ದ ವಿಶ್ವವಿದ್ಯಾಲಯದವರು ಎರಡನೆಯ ವರ್ಷದವರಿಗೆಲ್ಲ ಲ್ಯಾಪ್‌ಟಾಪ್ ಹಂಚಿದರು.

ಹಂಚಿದ ದಿನ ಪೋಷಕರೂ ಬರಬೇಕೆಂದಿತ್ತು. ಅಂಗಡಿಯ ಬಾಗಿಲೆಳೆದು ಕೀಲಿಯಕ್ಕನೂ ಹೋದಳು. ಉದ್ದನೆಯ ಸಾಲು, ಸಾಲಿನ ತುದಿಯಲ್ಲಿ ಮೇಜು, ಮೇಜಿನ ಹಿಂದೆ ಒಬ್ಬ ಗುಮಾಸ್ತ. ಬೂದುಬಣ್ಣದ ಯಂತ್ರ, ಇಟ್ಟಿಗೆಯಷ್ಟು ಭಾರ, ಬೆನ್ನಿಗೆ ಕಿತ್ತರೂ ಬಾರದ ನಂಬರಿನ ಚೀಟಿ. ಜೊತೆಗೆ ಹನ್ನೊಂದು ಪುಟದ ಫಾರಂ.

"ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ" ಎಂದು ಗುಮಾಸ್ತ ಬೆರಳಿಟ್ಟ ಕಡೆಯೆಲ್ಲ ಅವಳು ಸಹಿ ಹಾಕಿದಳು. ಆಮೇಲೆ ಕೇಳಿದಳು: "ಸ್ವಾಮಿ, ಇದರ ಇನ್ನೊಂದು ಕೀ ಯಾರ ಹತ್ರ ಇರುತ್ತೆ?"

"ಇದಕ್ಕೆ ಕೀ ಇರಲ್ಲಮ್ಮ. ಪಾಸ್‌ವರ್ಡು."

"ಆಯ್ತು. ಇನ್ನೊಂದು ಪಾಸ್‌ವರ್ಡು ಯಾರ ಹತ್ರ?"

ಗುಮಾಸ್ತ ಅವಳ ಭುಜದಾಚೆ ನೋಡಿ, "ಮುಂದಿನವರು ಬನ್ನಿ" ಎಂದ.

ಮಗಳು ಹೊರಗೆ ಬಂದು ನಕ್ಕಳು. "ಏನಮ್ಮಾ ನೀನು! ಅವರು ಪುಕ್ಕಟೆ ಕೊಟ್ರೆ ಅದಕ್ಕೂ ಒಂದು ತಕರಾರು."

"ಬೀಗ ಪುಕ್ಕಟೆ ಕೊಡೋರನ್ನ ನಾನು ಇದುವರೆಗೂ ಕಂಡಿಲ್ಲಮ್ಮ. ವಸತಿಗೃಹದವರು ನಲವತ್ತು ರೂಮಿಗೆ ನಲವತ್ತು ಬೀಗ ಹಾಕಿಸಿದ್ರಲ್ಲ, ನಲವತ್ತನ್ನೂ ತೆಗೆಯೋ ಒಂದೇ ಕೀ ಕೊರೆದು ಕೊಟ್ಟೋಳು ನಾನೇ. ರೂಮಿನವರಿಗೆ ಅದು ಗೊತ್ತಾ?"

ಮನೆಗೆ ಬಂದ ಆ ಯಂತ್ರ ಅವಳ ಕಣ್ಣಿಗೆ ಕಸವಾಗಿಯೇ ಉಳಿಯಿತು. ತೆರೆದಾಗಲೆಲ್ಲ ಮೊದಲ ಸಾಲು, 'ಈ ಸಾಧನವು ವಿಶ್ವವಿದ್ಯಾಲಯದ ಸ್ವತ್ತು.' ಮಗಳು ತನಗೆ ಬೇಕಾದ ಒಂದು ಆಟ ಹಾಕಿಕೊಳ್ಳಲು ಹೋದರೆ 'ಅನುಮತಿ ಇಲ್ಲ.' ಎರಡು ತಿಂಗಳಿಗೊಮ್ಮೆ ಪಾಸ್‌ವರ್ಡು ಬದಲಿಸು ಎಂಬ ಅಪ್ಪಣೆ. ಯಾರೂ ಮುಟ್ಟದಿದ್ದರೂ ಕೆಲವೊಮ್ಮೆ ಒಳಗಿನ ಫ್ಯಾನು ಬುಸುಗುಟ್ಟುತ್ತಿತ್ತು. "ಅಪ್‌ಡೇಟ್ ಆಗ್ತಿದೆ" ಎನ್ನುವಳು ಮಗಳು. "ಮನೆಯವರನ್ನ ಕೇಳದೆ ಮನೆ ರಿಪೇರಿ ಮಾಡೋರು ಯಾರೇ ಅವರು?" ಎನ್ನುವಳು ತಾಯಿ.

ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದ ತಮ್ಮ, ಸಾಮಾನು ಸಾಗಿಸುವ ವ್ಯಾನಿನ ಡ್ರೈವರು, ಅಕ್ಕನನ್ನು ರೇಗಿಸುತ್ತಿದ್ದ. "ಅಕ್ಕಾ, ಆ ಕ್ಯಾಮೆರಾದಲ್ಲಿ ದೊಡ್ಡ ದೊಡ್ಡ ಪ್ರೊಫೆಸರುಗಳು ಕೂತು ನೀನು ಪಾತ್ರೆ ತೊಳೆಯೋದನ್ನ ನೋಡ್ತಿರ್ತಾರೆ. ಸ್ವಲ್ಪ ತಲೆ ಬಾಚ್ಕೊಂಡಿರು."

"ನಗು, ನಗು. ನಿನ್ನ ವ್ಯಾನಲ್ಲೂ ಮಾಲೀಕ ಒಂದು ಡಬ್ಬಿ ಕೂರಿಸಿದಾನಲ್ಲ, ಎಲ್ಲಿ ನಿಲ್ಲಿಸ್ದೆ ಅಂತ ಎಣಿಸೋಕೆ? ಅವತ್ತು ನಿನ್ನ ಹಲ್ಲು ಕಾಣಿಸಲಿಲ್ಲ."

ತಮ್ಮ ಸಾರಿನ ಪಾತ್ರೆ ಎಳೆದು ಇನ್ನೊಂದು ಸೌಟು ಬಡಿಸಿಕೊಂಡ.

ಅನುಮಾನಕ್ಕೆ ಕಾಲು ಬಂದರೆ ಅದು ಒಂದೇ ಕಡೆ ನಿಲ್ಲುವುದಿಲ್ಲ. ಮೊದಲು ಯಂತ್ರದ ಮೇಲಿದ್ದದ್ದು ನಿಧಾನವಾಗಿ ಮಗಳ ಕಡೆಗೆ ತೆವಳಿತು. ಅಮ್ಮ ಕೋಣೆಗೆ ಕಾಲಿಟ್ಟರೆ ಮಗಳು ಮುಚ್ಚಳವನ್ನು ಅರ್ಧ ಇಳಿಸುತ್ತಿದ್ದಳು. "ಏನೇ ಅದು?" ಎಂದರೆ "ಏನಿಲ್ಲ, ಓದ್ತಿದ್ದೆ." ಊಟದ ಹೊತ್ತಿಗೆ ಮಾತು ಕಡಿಮೆಯಾಯಿತು. ತಾನಾಗಿ ಸುರಿಯುತ್ತಿದ್ದ ಹುಡುಗಿ ಈಗ ತೊಟ್ಟಿಕ್ಕುವುದೂ ಇಲ್ಲ. ಕೀಲಿಯಕ್ಕ ಅಂಗಡಿಯಲ್ಲಿ ಎರಡು ಕೀಗಳ ಹಲ್ಲು ತಪ್ಪಾಗಿ ಕೊರೆದು ಹಾಳುಮಾಡಿದಳು. ಇಪ್ಪತ್ತು ವರ್ಷದಲ್ಲಿ ಹಾಗೆ ಆಗಿರಲಿಲ್ಲ.

ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಯಂತ್ರ ತಾನೇ ಬೀಗ ಹಾಕಿಕೊಂಡಿತು. ತಪಾಸಣೆಗೆ ತಂದು ತೋರಿಸಬೇಕಾದ ದಿನವನ್ನು ಮಗಳು ಮರೆತಿದ್ದಳು. ಅಂದು ಅವಳಿಗೆ ಪ್ರಯೋಗಾಲಯದ ಪರೀಕ್ಷೆ, ತಪ್ಪಿಸುವಂತಿರಲಿಲ್ಲ. ಪೋಷಕರು ತಂದರೂ ಆಗುತ್ತದೆ ಎಂದು ಪರದೆಯ ಮೇಲೇ ಬರೆದಿತ್ತು.

"ಕೊಟ್ಟು ತೆಗೆಸ್ಕೊಂಡು ಬಾ ಅಷ್ಟೇ ಅಮ್ಮ. ಏನೂ ನೋಡೋಕೆ ಹೋಗ್ಬೇಡ."

"ನನಗೆ ಅದನ್ನ ಆನ್ ಮಾಡೋಕೇ ಬರಲ್ಲ, ನೋಡೋದೇನು ಬಂತು!"

ವಿಶ್ವವಿದ್ಯಾಲಯದ ದುರಸ್ತಿ ಕೋಣೆಯಲ್ಲಿ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಕೂತಿದ್ದಳು. ಬೆನ್ನಿನ ನಂಬರು ಓದಿ, ತನ್ನ ಕಂಪ್ಯೂಟರಿನಲ್ಲಿ ಏನೋ ಕುಟ್ಟಿದಳು. ಮೇಜಿನ ಈಚೆಗೆ, ಕೀಲಿಯಕ್ಕನ ಕೈಯಡಿಯಲ್ಲೇ, ಮಗಳ ಲ್ಯಾಪ್‌ಟಾಪು ಯಾರೂ ಮುಟ್ಟದೆ ತೆರೆದುಕೊಂಡಿತು.

"ನೋಡಿದ್ರಾ! ನಾನು ಅವತ್ತೇ ಕೇಳ್ದೆ" ಎಂದಳು ಕೀಲಿಯಕ್ಕ. "ನೀವು ಹಿಂಗೆ ಕೂತಲ್ಲೇ ಎಲ್ಲರದ್ದೂ ತೆಗೆದು ನೋಡ್ತೀರಾ?"

ಹುಡುಗಿ ಆಕಳಿಸಿದಳು. "ನಾಲ್ಕು ಸಾವಿರ ಇದಾವಮ್ಮ. ನಾನು ನೋಡ್ತಾ ಕೂತ್ರೆ ಮನೆಗೆ ಹೋಗೋದು ಯಾವಾಗ? ನೋಡೋರು ನೀವು."

"ನಾವಾ?"

"ವಾರಕ್ಕೊಂದು ವರದಿ ನಿಮ್ಮ ಫೋನಿಗೆ ಬರುತ್ತಲ್ಲ. ಎಷ್ಟು ಹೊತ್ತು ಓದಿದಾಳೆ, ಏನೇನು ಹುಡುಕಿದಾಳೆ, ಎಲ್ಲಾ ಇರುತ್ತೆ. ಫಾರಂ ಐದನೇ ಪುಟದಲ್ಲಿ ನೀವೇ ಒಪ್ಪಿ ಸಹಿ ಹಾಕಿದೀರಿ."

ಕೀಲಿಯಕ್ಕ ಫೋನು ತೆಗೆದಳು. ಜಾಹೀರಾತು ಇರಬೇಕೆಂದು ಅವಳು ತೆರೆಯದೇ ಬಿಟ್ಟಿದ್ದ ಸಂದೇಶಗಳು, ಒಟ್ಟು ಇಪ್ಪತ್ತಾರು. ಅವರಿವರನ್ನೆಲ್ಲ ಅನುಮಾನಿಸಿದ್ದೇ ಬಂತು, ಇನ್ನೊಂದು ಕೀ ಆರು ತಿಂಗಳಿಂದ ಅವಳ ಜೇಬಿನಲ್ಲೇ ಇತ್ತು.

"ನಿಲ್ಲಿಸೋಕಾಗಲ್ವಾ ಇದನ್ನ?"

"ಆಗುತ್ತೆ. ನೀವೂ ಮಗಳೂ ಇಬ್ಬರೂ ಬಂದು ಸಹಿ ಹಾಕಿ."

ಹೊರಗಿನ ಬೆಂಚಿನ ಮೇಲೆ ಕೂತಳು. ಲ್ಯಾಪ್‌ಟಾಪು ತೊಡೆಯ ಮೇಲೆ, ಫೋನು ಕೈಯಲ್ಲಿ. ಅವಳ ಅಂಗಡಿಗೂ ಬರುತ್ತಿದ್ದರು, ಹೆಂಡತಿಯ ಬೀರು ತೆಗೆದುಕೊಡಿ ಎನ್ನುವವರು. 'ಬೀಗ ಯಾರದೋ ಅವರನ್ನ ಕರ್ಕೊಂಡು ಬನ್ನಿ' ಎಂದು ಮುಖಕ್ಕೆ ಹೇಳಿ ಕಳಿಸುತ್ತಿದ್ದಳು. ಆದರೆ ಇದು ಬೀಗವೆ? ಸಂದೇಶ. ಬಂದಿರುವುದು ತನ್ನದೇ ಫೋನಿಗೆ. ಇದಕ್ಕೆ ಪಿನ್ನೂ ಬೇಡ, ಅರವೂ ಬೇಡ. ಹುಡುಗಿ ಏನಾದರೂ ಅನಾಹುತಕ್ಕೆ ಸಿಕ್ಕಿಕೊಂಡಿದ್ದರೆ? ನಾಳೆ ಎದೆ ಬಡಿದುಕೊಳ್ಳುವವಳು ತಾನೇ ತಾನೆ? ತನಗೆ ತಾನೇ ವಕೀಲಳಾಗಿ ವಾದ ಗೆದ್ದು, ಕೊನೆಯ ಸಂದೇಶವನ್ನು ಒತ್ತಿದಳು.

'ಕೋರ್ಸ್ ಅರ್ಧಕ್ಕೆ ಬಿಡುವುದು ಹೇಗೆ', ಒಂಬತ್ತು ಸಲ. 'ಮರಗೆಲಸ ತರಬೇತಿ, ಹುಡುಗಿಯರಿಗೆ', ಹನ್ನೊಂದು ಸಲ. 'ಶುಲ್ಕ ವಾಪಸು ಸಿಗುತ್ತದೆಯೆ', ಎರಡು ಸಲ.

ಹಿಂದಿನ ವಾರದ್ದನ್ನೂ ತೆರೆದಳು. ಅದರ ಹಿಂದಿನದನ್ನೂ. ಇಪ್ಪತ್ತಾರೂ ಮುಗಿಯುವ ಹೊತ್ತಿಗೆ ಕಾರಿಡಾರಿನಲ್ಲಿ ಗುಡಿಸುವವರು ಬಂದು, "ಕಾಲೆತ್ತಮ್ಮ" ಎಂದರು.

ಸಂಜೆ ಮಗಳು ಬಂದಳು. ಲ್ಯಾಪ್‌ಟಾಪನ್ನು ಅತ್ತಿತ್ತ ತಿರುಗಿಸಿ ನೋಡಿ, "ಏನಾದ್ರೂ ಅಂದ್ರಾ?" ಎಂದಳು.

"ಏನಿಲ್ಲ. ತೆಗೆದುಕೊಟ್ರು."

ಇಬ್ಬರೂ ಚಹಾ ಕುಡಿದರು. ಮಗಳು ಲೋಟವನ್ನು ಎರಡು ಕೈಯಲ್ಲೂ ಹಿಡಿದು ಬಹಳ ಹೊತ್ತು ತಿರುಗಿಸಿದಳು. ಆಮೇಲೆ, "ಅಮ್ಮಾ, ನಿನ್ನ ಹತ್ರ ಒಂದು ಮಾತು ಹೇಳ್ಬೇಕು. ಪೂರ್ತಿ ಕೇಳು, ಮಧ್ಯ ಬಾಯಿ ಹಾಕ್ಬೇಡ" ಎಂದಳು.

"ಮರಗೆಲಸ ಅಂದ್ರೆ ಹುಡುಗಾಟ ಅಂದ್ಕೊಂಡಿದೀಯಾ?" ಎಂದುಬಿಟ್ಟಳು ಕೀಲಿಯಕ್ಕ. ಮಾತು ಬಾಯಿಂದ ಜಾರಿದ ಮೇಲೇ ಅವಳಿಗೂ ಕೇಳಿಸಿದ್ದು.

ಮಗಳು ಲೋಟ ಕೆಳಗಿಟ್ಟಳು. "ನಾನಿನ್ನೂ ಏನೂ ಹೇಳೇ ಇಲ್ವಲ್ಲ."

"ಫೋನಿಗೆ ಬರುತ್ತಂತೆ ಕಣೆ, ಅವರೇ ಕಳಿಸ್ತಾರಂತೆ. ನಾನೇನು ಹುಡುಕ್ಕೊಂಡು ಹೋಗಲಿಲ್ಲ, ನಿನ್ನ ಲ್ಯಾಪ್‌ಟಾಪು ಮುಟ್ಟಲೂ ಇಲ್ಲ..."

"ಎಷ್ಟು ಓದ್ದೆ?"

ಕೀಲಿಯಕ್ಕ ಸುಳ್ಳು ಹೇಳಲಿಲ್ಲ. "ಎಲ್ಲಾ."

"ಇನ್ನೊಂದು ಕೀ ಅವರ ಹತ್ರ ಇದೆ, ಅವರು ನೋಡ್ತಾರೆ ಅಂತ ನೀನು ಅನುಮಾನ ಪಡ್ತಿದ್ದೆ. ಅವರು ಯಾರೂ ನೋಡಿಲ್ಲಮ್ಮ." ಮಗಳ ದನಿ ಏರಲಿಲ್ಲ. "ಆರು ತಿಂಗಳಿಂದ ಧೈರ್ಯ ಕೂಡಿಸ್ಕೊಂಡೆ, ಇದನ್ನ ನಾನೇ ನಿನ್ನ ಮುಂದೆ ಕೂತು ಹೇಳ್ಬೇಕು ಅಂತ. ಅದನ್ನೂ ನೀನೇ ತೆಗೆದುಬಿಟ್ಟೆ."

ಅವಳು ಎದ್ದು ಕೋಣೆಗೆ ಹೋದಳು. ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು. ಹೇಳಬೇಕೆಂದಿದ್ದ ಉಳಿದ ಮಾತನ್ನು ಆ ಸಂಜೆ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ.

ಮಗಳಿಗೆ ಕೊಟ್ಟಿದ್ದ ಮಾತನ್ನು ಕೀಲಿಯಕ್ಕ ಮುರಿದಳು.