ಚನ್ನಕೇಶವನ ಬೋರ್ಡಿಗೆ ನನ್ನ ಗುಂಡಕ್ಷರ

ಚನ್ನಕೇಶವನ ಮುಖ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಶಿಡ್ಲಘಟ್ಟದಲ್ಲಿ ಅವನಂಥ ನಯವಂಚಕ ಇನ್ನೊಬ್ಬನಿಲ್ಲ.

ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಅಂಗಡಿ. ಬೇಕರಿಯೊಂದರ ಬೋರ್ಡಿಗೆಂದು ನಾನೇ ಕೂತು ಗುಂಡಕ್ಷರ ಬರೆದಿದ್ದೆ. ಮೂಲೆಯೇ ಇಲ್ಲದ, ಬನ್ನಿನ ಹಾಗೆ ಉಬ್ಬಿದ ಅಕ್ಷರ. 'ಬ' ನೋಡಿದರೆ ಕೆನ್ನೆ ಹಿಂಡಬೇಕು ಅನ್ನಿಸುತ್ತಿತ್ತು. ಆಮೇಲೆ ಹುಟ್ಟುಹಬ್ಬದವರು, ಶಿಶುವಿಹಾರದವರು, ಐಸ್‌ಕ್ರೀಮ್ ಗಾಡಿಯವರು, ಎಲ್ಲರಿಗೂ ಅದೇ ಬೇಕಾಯಿತು. ಕನ್ನಡ ಓದಲು ಬಾರದ ನನ್ನ ತಾಯಿ ಅಮ್ಮಿ ಕೂಡ ದೂರದಿಂದಲೇ ಗುರುತು ಹಿಡಿದು, "ಇದು ನಮ್ಮ ರುಬೀನಾ ಬರ್ದಿದ್ದು" ಎಂದು ಜೊತೆಯವರಿಗೆ ತೋರಿಸುತ್ತಿದ್ದಳು.

ನಮ್ಮ ಗಲ್ಲಿಯಿಂದ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುವ ಹೆಂಗಸರು ಮೊದಲಿನಿಂದಲೂ ಒಂದು ಖಾಲಿ ಸೈಟು ದಾಟಿಯೇ ಹೋಗುತ್ತಿದ್ದರು. ಅಮ್ಮಿಯೂ ಅವರಲ್ಲೊಬ್ಬಳು. ಅವಳಿಗೆ ಮಂಡಿನೋವು, ಸುತ್ತು ದಾರಿ ನಡೆಯಲು ಆಗದು. ಆ ಸೈಟನ್ನು ಚನ್ನಕೇಶವ ಕೊಂಡ. ಕೊಂಡವನೇ ನನ್ನ ಅಂಗಡಿಗೆ ಬಂದ.

"ರುಬೀನಮ್ಮ, 'ಖಾಸಗಿ ಜಾಗ, ಒಳಗೆ ಕಾಲಿಟ್ಟರೆ ಕೇಸು' ಅಂತ ಒಂದ್ ಬೋರ್ಡ್ ಮಾಡ್ಕೊಡಮ್ಮ. ಆ ಬೇಕರಿ ಅಕ್ಷರದಲ್ಲೇ ಇರ್ಲಿ."

"ಹೆದ್ರಿಸೋದಕ್ಕೆ ಆ ಅಕ್ಷರ ಯಾಕೆ ಸಾರ್?"

"ಮುಂದೆ ವಾರ್ಡ್ ಎಲೆಕ್ಷನ್‌ಗೆ ನಿಲ್ಬೇಕಲ್ಲಮ್ಮ. ದಾರಿನೂ ಮುಚ್ಬೇಕು, ಜನಕ್ಕೆ ಸಿಟ್ಟೂ ಬರಬಾರ್ದು."

ಥೂ, ಇವನ ಬುದ್ಧಿಗೆ ಬೆಂಕಿ ಬೀಳ! "ಆ ಅಕ್ಷರ ನಿಮಗೆ ಕೊಡಲ್ಲ, ಹೋಗಿ" ಅಂದೆ.

"ಅಕ್ಷರ ಏನು ನಿಮ್ಮಪ್ಪನ ಮನೆ ಆಸ್ತಿನಾ?" ಎಂದು ನಗುತ್ತಲೇ ಹೋದ.

ಚಿಕ್ಕಬಳ್ಳಾಪುರದ ಯಾವನೋ ಫ್ಲೆಕ್ಸಿನವನು ಅವನಿಗೆ ಬೇಕರಿ ಬೋರ್ಡಿನ ಫೋಟೊ ನೋಡಿಕೊಂಡು ನನ್ನ ಅಕ್ಷರವನ್ನು ಹಾಗ್ಹಾಗೇ ಇಳಿಸಿಕೊಟ್ಟ. ಗುಲಾಬಿ ಬಣ್ಣ ಬೇರೆ.

ಬೋರ್ಡು ಎದ್ದ ಬೆಳಿಗ್ಗೆ ಅಮ್ಮಿ ಅದನ್ನು ನೋಡಿ, ಅಲ್ಲಿ ಯಾವುದೋ ಅಂಗಡಿ ಬರುತ್ತಿದೆ ಅಂದುಕೊಂಡಳಂತೆ. "ನನ್ ಮಗಳು ಬರ್ದಿದ್ದು, ಬನ್ರಮ್ಮ" ಎಂದು ಎಲ್ಲರಿಗಿಂತ ಮುಂದೆ ಒಳಗೆ ಕಾಲಿಟ್ಟಳು. ಕಾವಲಿನವನು ತೋಳು ಹಿಡಿದು ಆಚೆಗೆ ದಬ್ಬಿದ.

ಸುದ್ದಿ ಕೇಳಿ ನಾನು ಓಡಿ ಬಂದಾಗ ಹೆಂಗಸರೆಲ್ಲ ನನ್ನನ್ನು ತಿಂದುಬಿಡುವ ಹಾಗೆ ನೋಡುತ್ತಿದ್ದರು.

"ಹೆತ್ತೋಳಿಗೇ ದಾರಿ ಮುಚ್ಚಿದ್ಯಲ್ಲೇ, ನಾಚ್ಕೆ ಆಗಲ್ವಾ ನಿಂಗೆ?" ಎಂದಳು ಅಮ್ಮಿಯ ಜೊತೆ ಕೆಲಸ ಮಾಡುವ ಮುನಿಶಾಮಮ್ಮ.

"ಅಲ್ಲಾನಾಣೆ, ನಾನು ಬರ್ದಿಲ್ಲ!"

ಅಮ್ಮಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಮನೆಯಲ್ಲಿ ಉರ್ದು ಆಡುವವಳು, ಸುತ್ತ ಇದ್ದವರಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು: "ಓದು, ಏನ್ ಬರ್ದಿದೆ ಅಲ್ಲಿ?"

ಓದಿದೆ. "ಖಾಸಗಿ ಜಾಗ, ಒಳಗೆ ಕಾಲಿಟ್ಟರೆ ಕೇಸು."

"ಇಷ್ಟು ಮುದ್ದಾಗಿ ಬರ್ದು ಬಯ್ಯೋದು ಎಲ್ಲಿ ಕಲ್ತೆ?"

"ನಾನಲ್ಲ ಅಮ್ಮಿ. ನನ್ ಅಕ್ಷರ ಕದ್ದವ್ರೆ."

"ನಿನ್ ಕೈ ಬರಹ ನಂಗೆ ಗೊತ್ತಿಲ್ವಾ?" ಎಂದಳು ಅಮ್ಮಿ. ಮಂಡಿ ಹಿಡಿದುಕೊಂಡು, ನನ್ನ ಕಡೆ ತಿರುಗಿಯೂ ನೋಡದೆ, ಸುತ್ತು ದಾರಿ ಹಿಡಿದು ಹೊರಟಳು.