ಅಂಬಾರಾಯನ ಕಡೆಯ ಗಾಳಿ

ಅಂಗಿಯ ತೋಳಿನ ಮೇಲೆ ಮತ್ತೊಂದು ಬಂದು ಕೂತಿತು, ಕಮ್ಯುನಿಸ್ಟ್ ಗಿಡ ಅನ್ನುವ ಆ ಹಾಳು ಕಳೆಯ ಬೀಜ, ಬಿಳಿ ಪುಕ್ಕದ್ದು, ಊದಿದರೆ ಹಾರುವಂಥದ್ದು — ಎಲ್ಲಿಂದ ಬಂತು ಅಂತ ಕೇಳುವುದೇ ಬೇಡ, ಪಕ್ಕದ ಜಾಗೆಯ ಅಂಬಾರಾಯನ ಕಡೆಯಿಂದಲೇ, ಲೋಕನಾಥನೇನು ಕುರುಡನಾ, ಡೊಂಬಿವಲಿಯ ಹೊಟೇಲಿನ ಗಲ್ಲಾಪೆಟ್ಟಿಗೆಯ ಮುಂದೆ ಜನ್ಮವಿಡೀ ಕೂತವನು, ಎರಡು ಪ್ಲೇಟ್ ಇಡ್ಲಿ ತಿಂದು ಒಂದು ಅನ್ನುವವನನ್ನು ಕೈ ತೊಳೆಯುವಾಗಲೇ ಗುರುತು ಹಿಡಿಯುವವನು, ಇವನ ಕಣ್ಣಿಗೇ ಮಣ್ಣೆರಚುವುದಾ? ಪ್ರತಿ ಆದಿತ್ಯವಾರ ಬದಲಾಪುರದಲ್ಲಿ ಇಳಿದು ರಿಕ್ಷಾ ಹಿಡಿದು ಇಲ್ಲಿಗೆ ಬರುವುದು, ಸೊಂಟ ಹಿಡಿಯುವ ತನಕ ಕೀಳುವುದು, ಬೇರು ಸಮೇತ ಕೀಳಬೇಕು, ಬರೀ ಕಡಿದರೆ ಬುಡದಿಂದ ನಾಲ್ಕಾಗಿ ಚಿಗುರುತ್ತದೆ, ಹೂ ಬಿಡುವ ಮೊದಲೇ ಕೀಳಬೇಕು, ಒಣಗಿಸಿ ಸುಡಬೇಕು, ಎಲ್ಲ ಮಾಡಿ ಆಯಿತು, ಮಳೆ ಬಿದ್ದು ಹೋದರೆ ಮತ್ತೆ ಅದೇ ದರಿದ್ರ, ನೆಟ್ಟ ಮಾವಿನ ಸಸಿ ಎಲ್ಲಿ ಅಂತ ಹುಡುಕಬೇಕು. ಅಂಬಾರಾಯನ ಜಾಗೆ ಮಾತ್ರ ಗುಡಿಸಿದ ಅಂಗಳದ ಹಾಗೆ ಚೊಕ್ಕ. ಅದು ಹೇಗೆ ಮಾರಾಯ? ಒಂದೇ ಗುಡ್ಡ, ಒಂದೇ ಮಳೆ, ನಡುವೆ ಒಂದು ತಂತಿ ಬೇಲಿ, ಇಬ್ಬರೂ ಒಟ್ಟಿಗೇ ಕೊಂಡದ್ದು, ಕರ್ಜತ್ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುತ್ತಾ ಆದ ದೋಸ್ತಿ, ಗುಲ್ಬರ್ಗ ಕಡೆಯವನು, ಅಂಬರನಾಥದ ಫ್ಯಾಕ್ಟರಿಯಲ್ಲಿ ಫಿಟ್ಟರ್, ನಾನು ಬಂಗೇರ ಮಾರಾಯ ಅಂದರೂ ಶೆಟ್ರ ಶೆಟ್ರ ಅನ್ನುತ್ತಾ ಜೋಳದ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದವನು — ರೊಟ್ಟಿ ಕೊಟ್ಟು ಮೂಗಿಗೆ ತುಪ್ಪ ಹಚ್ಚಿದ್ದೇ ಇರಬೇಕು, ಆಗ ತಿಳಿಯಲಿಲ್ಲ.

ದೀಪಾವಳಿಗೆ ಜಾಗೆ ಮಾರಿಸುವ ಏಜೆಂಟೊಬ್ಬ ಬಂದಾಗ ತಿಳಿಯಿತು. ಕಾಕಾ, ಇಷ್ಟು ಜಂಗಲ್ ಬೆಳೆದ ಜಾಗಾ ಯಾಕೆ, ಕೊಟ್ಟುಬಿಡಿ. ಜಂಗಲ್ ಬೆಳೆದದ್ದು ಅವನಿಗೆ ಹೇಗೆ ಗೊತ್ತು? ಮರುವಾರ ಸ್ಟೇಷನ್ನಿನ ಹೊರಗೆ ಅದೇ ಏಜೆಂಟ್, ಅಂಬಾರಾಯನ ಹೆಗಲ ಮೇಲೆ ಕೈ ಹಾಕಿ ಕಟಿಂಗ್ ಚಾಯ್ ಕುಡಿಯುತ್ತಿದ್ದ, ಸಾಕಲ್ಲ, ಇನ್ನೆಂಥ ಸಾಕ್ಷಿ ಬೇಕು? ಕಿತ್ತ ಗಿಡ ಈಚೆ ಎಸೆಯುವುದು, ಕಾಡು ಬೆಳೆಸುವುದು, ಬೇಸತ್ತು ಬಿಟ್ಟು ಹೋಗಲಿ ಅಂತ ಕಾಯುವುದು, ಎರಡೂ ಜಾಗೆ ಸೇರಿಸಿ ಬಂಗಲೆ ಕಟ್ಟುವುದು. ಮಗ ಜಯೇಶನಿಗೆ ಹೇಳಿದರೆ ಮೊಬೈಲಿನಿಂದ ತಲೆ ಎತ್ತದೆ ಛೋಡೋ ನಾ ಪಪ್ಪಾ, ಘಾಸ್ ಹೀ ತೋ ಹೈ. ಘಾಸಂತೆ, ಬರೀ ಹುಲ್ಲಂತೆ! ಹೋದ ವಾರವೇ ಗೇಟಿಗೆ ಹೊಸ ಬೀಗ ಜಡಿದದ್ದು. ಅಂಬಾರಾಯನ ಜಾಗೆಗೆ ಹೋಗಲಿಕ್ಕೆ ಈ ಗೇಟು ಬಿಟ್ಟರೆ ದಾರಿ ಇಲ್ಲ, ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ದಾರಿ, ಈಗ ಒದ್ದಾಡಲಿ. ಬಂದಿದ್ದಾನೆ ನೋಡು, ಗಂಡ ಹೆಂಡತಿ ಇಬ್ಬರೂ, ಶೆಟ್ರ, ಒಳಗ ಅದೀರೇನ್ರಿ, ಬದನಿ ಗಿಡ ಬಾಡಿ ಹೊಂಟಾವ್ರಿ, ಬೀಗ ತಗೀರಿ, ಕೂಗಲಿ ಕೂಗಲಿ, ಲೋಕನಾಥ ತನ್ನ ಜಾಗೆಯ ನಾಗನ ಬನದ ಮರೆಗೆ ಸರಿದು ನಿಂತ, ಗೇಟಿನ ಸರಳು ಹಿಡಿದ ಅಂಬಾರಾಯನ ಕೈ ಮಾತ್ರ ಎಲೆಗಳ ಸಂದಿಯಲ್ಲಿ ಕಾಣುತ್ತದೆ, ಕಪ್ಪು ಕೈ, ಬೆರಳಿಗೆಲ್ಲ ಹಸಿರು ಕಲೆ, ಎಂಥದು ಕಿತ್ತದ್ದೋ, ಎಲ್ಲಿ ಎಸೆದದ್ದೋ.

ಒಳಗ ಅದಾರ, ಅಲ್ಲಿ ಚಪ್ಪಲ್ ಕಾಣ್ಸಾಕತ್ತಾವ ನೋಡ್ರಿ, ಅದು ಮುಕ್ತಾ, ಅವನ ಹೆಂಡತಿ, ಕೊರಳು ಗಟ್ಟಿ. ಥತ್, ಬನದ ಹತ್ತಿರ ಬರುವಾಗ ಚಪ್ಪಲಿ ಬಿಡದೆ ಆಗುತ್ತದಾ, ಹೆಂಡತಿ ಲೋಲಾಕ್ಷಿಯ ಕಟ್ಟುನಿಟ್ಟು, ಜಾಗೆ ಕೊಂಡ ವರ್ಷ ಇಲ್ಲಿ ಹಾವಿನ ಪೊರೆ ಸಿಕ್ಕಿತೆಂದು ಪುಂಡರೀಕಾಕ್ಷ ಭಟ್ಟರನ್ನು ಕರೆಸಿ ನಾಗನ ಕಲ್ಲು ಹಾಕಿಸಿದವಳು ಅವಳೇ, ಇನ್ನು ಇದು ಬನ, ಒಂದು ಎಲೆ ಮುಟ್ಟಬೇಡಿ, ಕತ್ತಿ ತಾಗಿಸಬೇಡಿ, ಊರಲ್ಲಿ ನಾಗಬನಕ್ಕೆ ಯಾರಾದರೂ ಕತ್ತಿ ಹಾಕುತ್ತಾರಾ? ಹಾಕಲಿಲ್ಲ, ಇವತ್ತಿನವರೆಗೂ ಹಾಕಲಿಲ್ಲ. ಮುಕ್ತಾ ಬಿಡುವುದಿಲ್ಲ, ಇವತ್ತರ ಹೇಳ್ರಿ ಅವರಿಗೆ. ಸುಮ್ನಿರ, ದೇವ್ರ ಜಾಗಾ, ನಮ್ಮ ಬಾಯಾಗ ಬರಬಾರದು, ಅಂಬಾರಾಯ ತಡೆದ. ಯಾಕ ಬರಬಾರದು, ವರ್ಷಾ ವರ್ಷಾ ಅವರ ದೇವ್ರ ಗಿಡದ ಬೀಜ ಹಾರಿ ಬಂದು ನಮ್ಮ ಹೊಲದಾಗ ಬೀಳ್ತಾವ, ಕಿತ್ತೂ ಕಿತ್ತೂ ನಿಮ್ಮ ಕೈ ಸೀಳ್ಯಾವ, ನೀವು ಬಾಯಿ ಮುಚ್ಕೊಂಡು ಕೂಡ್ರಿ. ಏನಂದಳು? ಲೋಕನಾಥ ತಲೆ ಎತ್ತಿದ, ಇಷ್ಟು ವರ್ಷ ಕೈಮುಗಿಯುವಾಗ ಕಲ್ಲು ನೋಡಿದ್ದಾನೆ, ಅರಸಿನ ನೋಡಿದ್ದಾನೆ, ಮೇಲೆ ನೋಡಿರಲಿಲ್ಲ — ಬನದೊಳಗೆ ಆಳೆತ್ತರ, ಅದೇ ಕಮ್ಯುನಿಸ್ಟ್ ಗಿಡ, ಪೂರಾ ಅದೇ, ಒಂದರ ಮೇಲೊಂದು ಏರಿ, ತುದಿ ತುದಿಗೆ ಬಿಳಿ ಪುಕ್ಕ ಬಿರಿದು, ಗಾಳಿ ಬೆನ್ನಿನಿಂದ ಬಂತು, ಬೆನ್ನಿನಿಂದ, ಎಲ್ಲ ಒಟ್ಟಿಗೆ ಎದ್ದು ಇವನ ಕಣ್ಣೆದುರೇ ಬೇಲಿಯಾಚೆಗೆ, ಅಂಬಾರಾಯನ ಜಾಗೆಗೆ ಹೋಯಿತು. ಅಯ್ಯೋ ದೇವರೇ.

ಬರಿಗಾಲಲ್ಲೇ ಓಡಿದ, ಕಲ್ಲು ಚುಚ್ಚಿದ್ದು ಗೊತ್ತಾಗಲಿಲ್ಲ, ಕಿಸೆಯಲ್ಲಿ ಬೀಗದ ಕೈ, ಯಾವ ಕಿಸೆ, ಏನು ಹೇಳುವುದು, ಅಂಬಾರಾಯ ತಪ್ಪು ತಿಳಿದೆ ಅನ್ನುವುದಾ, ಒಂದು ವಾರ ಗಿಡ ಒಣಗಿಸಿ ಈಗ ಅದನ್ನು ಹೇಳುವುದಾ, ಅಂಬಾರಾಯ, ಬಾ, ಬಾ ಮಾರಾಯ, ಈಗ ತೆಗೆಯುತ್ತೇನೆ. ಇರ್ಲಿ ಬಿಡ್ರಿ ಶೆಟ್ರ, ಇವತ್ತೊಂದಿನ ಗಿಡಕ್ಕ ನೀರು ಹಾಕಿ ಹೋಗೂಣು ಅಂತ ಬಂದಿದ್ವಿ ಅಷ್ಟ. ಅಷ್ಟೇ ಅಂದರೆ? ನಿಮ್ಮ ಏಜೆಂಟ್ ಬಂದಿದ್ನಲ್ರೀ, ಚಾ ಕುಡಿಸಿ, ಕೊಟ್ಟುಬಿಡು ಅಂದ, ನೀವ ಕಳಿಸೀರಿ ಅನ್ಕೊಂಡೆ, ಛೆ, ಶೆಟ್ರು ಹಂಗ ಮಾಡೂದಿಲ್ಲ ಅಂತ ಮುಕ್ತಾಗ ಹೇಳಿದೆ, ಆಮ್ಯಾಲ ಗೇಟಿಗೆ ಬೀಗ ಕಂಡ್ತು. ನಿನ್ನಿ ಹೂಂ ಅಂದು ಜಾಗಾ ಮಾರಿ ಸಹಿ ಹಾಕಿದೆ. ನನ್ನ ಏಜೆಂಟಲ್ಲ ಅಂಬಾರಾಯ, ನಾನು ಕಳಿಸಿದ್ದಲ್ಲ, ನಾನಾದರೋ ನೀನೇ ಕಳಿಸಿದ್ದು ಅಂತ — ಬೀಗದ ಕೈ ತಿರುಗಲಿಲ್ಲ, ಕಾಣುವುದು ಆ ಕೈ ಒಂದೇ, ಸರಳು ಹಿಡಿದಿದ್ದ ಕೈ, ಹಸಿರು ಕಲೆ, ಅಂಗೈ ತುಂಬ ಸೀಳು, ಈಗ ಒಂದೊಂದೇ ಬೆರಳು ಬಿಡಿಸಿಕೊಳ್ಳುತ್ತಾ, ಆ ಕೈ —