ಹೇಮಶ್ರೀಗೆ ಮಾತ್ರ ಕಳಿಸಿದ ಪುಟ

ತಾನು ಗೇಮ್ ರೈಟರ್ ಎಂದು ಜೋವಿಟಾ ಹೇಳಿದಾಗಲೆಲ್ಲ ಹೊಂಗಡಹಳ್ಳದಲ್ಲಿ ಬರುತ್ತಿದ್ದ ಮರುಪ್ರಶ್ನೆ ಒಂದೇ: "ಯಾವ ಎಸ್ಟೇಟಿಗೆ?" ಅಲ್ಲಿ ರೈಟರ್ ಎಂದರೆ ಕಾಫಿ ತೋಟದ ಆಳುಗಳ ಹಾಜರಿ ಬರೆಯುವವನು. ಅವಳು ಬರೆಯುತ್ತಿದ್ದುದು ವಿಡಿಯೊ ಗೇಮುಗಳ ಕತೆ, ಪಾತ್ರಗಳ ಮಾತು, ಆಡುವವನು ಏನು ಮಾಡಿದರೆ ಏನಾಗಬೇಕೆಂಬ ನಿಯಮ. ಹದಿನಾರು ವರ್ಷ ಬೇರೆಯವರ ಕಂಪನಿಗಳಿಗೆ ಬರೆದಳು. ಸಾಯುವ ಸೈನಿಕನ ಕೊನೆಯ ಮಾತೊಂದನ್ನೇ ನಲವತ್ತು ಬಗೆಯಲ್ಲಿ ಬರೆದದ್ದೂ ಉಂಟು. ನಲವತ್ತೊಂದನೆಯ ವಯಸ್ಸಿನಲ್ಲಿ ಸ್ವಂತ ಆಟವೊಂದನ್ನು ಮಾಡಲು ಕೂತಳು.

ಅದು ಹುಟ್ಟಿದ್ದು ಪಾಳ್ಯದ ರಾಮಯ್ಯ ಎಂಬ ಹಿರಿಯ ರೈತರ ಮಾತಿನಿಂದ. ಫೋನಿಲ್ಲದ ಕಾಲದಲ್ಲಿ ಗದ್ದೆಗೆ ಆನೆ ಇಳಿದರೆ ಅವರು ಕಾವಲಿನ ಅಟ್ಟಣೆ ಮೇಲೆ ನಿಂತು ಸುತ್ತಲಿನ ಮನೆಗಳಿಗೆ ಕೂಗಿ ಹೇಳುತ್ತಿದ್ದರಂತೆ.

"ಒಂಟಿ ಸಲಗ ಆದ್ರೆ ಒಂದೇ ಕೂಗು. ಮರಿ ಜೊತೆಗಿದ್ರೆ ಎರಡು, ಉದ್ದಕ್ಕೆ. ಒಂದೊಂದು ಮನೆಯೋರೂ ಓಗೊಡ್ಬೇಕು. ಯಾವ್ದಾದ್ರೂ ಮನೆ ಸುಮ್ನಿದ್ರೆ ಕೂಗಿದೋನೇ ಅಲ್ಲಿಗೆ ಹೋಗ್ಬೇಕು. ಆನೆ ದಾರೀಲೇ ಇದ್ರೂ ಹೋಗ್ಬೇಕು ಕಣವ್ವ."

ಜೋವಿಟಾಳ ಆಟದ ಜೀವ ಅದೇ ಆಯಿತು. ಯಾವ ಮನೆ ಓಗೊಟ್ಟಿಲ್ಲ ಎಂಬುದನ್ನು ಕಿವಿಗೊಟ್ಟು ಗುರುತಿಸಿ, ಆಡುವವನು ಆ ಮನೆ ಮುಟ್ಟಬೇಕು. ಚಿತ್ರಗಳಿಗೆ ಆಲೂರಿನ ಹೇಮಶ್ರೀ ಸೇರಿಕೊಂಡಳು. ಮೈಸೂರಿನಲ್ಲಿ ಚಿತ್ರಕಲೆ ಕಲಿತ ಇಪ್ಪತ್ತೇಳರ ಹುಡುಗಿ. ವಾರಕ್ಕೆರಡು ದಿನ ಸಕಲೇಶಪುರದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು. ಎರಡು ವರ್ಷ ಇಬ್ಬರೂ ಒಂದೇ ಮೇಜಿನಲ್ಲಿ ಕೆಲಸ ಮಾಡಿದರು, ಅಲ್ಲೇ ಉಂಡರು.

ಆಗಸ್ಟಿನ ಒಂದು ಬೆಳಿಗ್ಗೆ, ಬೆಂಗಳೂರಿನ ಬೇರೊಂದು ಕಂಪನಿ ತನ್ನ ಹೊಸ ಆಟದ ವಿಡಿಯೊ ತುಣುಕೊಂದನ್ನು ಬಿಟ್ಟಿತ್ತು. ಜೋವಿಟಾ ಸುಮ್ಮನೆ ತೆರೆದಳು. ಅಟ್ಟಣೆ. ಒಂದು ಕೂಗು. ಮನೆಮನೆಯಿಂದ ಓಗೊಡುವ ದನಿ. ಸುಮ್ಮನಿರುವ ಒಂದು ಮನೆ. ಮರಿಯಾನೆ ಕಂಡಾಗ ಎರಡು ಉದ್ದನೆಯ ಕೂಗು.

ಅವಳು ಬರೆದದ್ದನ್ನು ಓದಿದವಳು ಹೇಮಶ್ರೀ ಒಬ್ಬಳೇ.

ಆಮೇಲೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಜೂನ್‌ನಲ್ಲಿ ಹೇಮಶ್ರೀ ನೆಂಟರ ಮದುವೆಯೆಂದು ನಾಲ್ಕು ದಿನ ಬೆಂಗಳೂರಿಗೆ ಹೋಗಿದ್ದಳು. ಬಂದ ಮೇಲೆ ಒಂದೂ ಫೋಟೊ ತೋರಿಸಿರಲಿಲ್ಲ. ಫೋನ್ ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದಳು. ಮೊದಲೂ ಹಾಗೇ ಹೋಗುತ್ತಿದ್ದಳೇ? ಜೋವಿಟಾಗೆ ನೆನಪಾಗಲಿಲ್ಲ. ಪಾಸ್‌ವರ್ಡುಗಳನ್ನು ಬದಲಿಸಿದಳು.

"ಅವಳನ್ನೇ ಕೇಳಿಬಿಡು," ಎಂದರು ತಾಯಿ ರೀಟಾ.

"ಕೇಳಿದ್ರೆ ಹುಷಾರಾಗ್ತಾಳೆ, ಮಮ್ಮಿ."

ಕೇಳುವ ಬದಲು ಸುಳ್ಳಿನ ಪುಟವೊಂದನ್ನು ಬರೆದಳು: ಹೆಣ್ಣಾನೆ ಒಂಟಿಯಾಗಿ ಬಂದರೆ ಮೂರು ಕೂಗು, ಜೊತೆಗೆ ತೆಂಗಿನ ಕರಟದ ಬಡಿತ. ಅದನ್ನು ಹೇಮಶ್ರೀಗೆ ಮಾತ್ರ ಕಳಿಸಿದಳು. ಆ ಕಂಪನಿಯ ಆಟದಲ್ಲಿ ಕರಟ ಕಾಣಿಸಿತೆಂದರೆ ಕಳ್ಳಿ ಯಾರೆಂದು ಗೊತ್ತಾಗುತ್ತದೆ. ದಿನಕ್ಕೆ ಹತ್ತು ಸಲ ಆ ಕಂಪನಿಯ ವೆಬ್ ಪುಟ ತೆರೆದು ನೋಡುತ್ತಿದ್ದಳು.

ವಾರ ಕಳೆದು, ಬರುವ ದಿನವಲ್ಲದ ದಿನ ಹೇಮಶ್ರೀ ಬಂದಳು. ಕೂರಲಿಲ್ಲ.

"ಕರಟ ಹೆಂಗೆ ಹಿಡೀತಾರೆ ಅಂತ ಕೇಳೋಕೆ ರಾಮಯ್ಯ ತಾತನ ಹತ್ರ ಹೋಗಿದ್ದೆ ಅಕ್ಕಾ. ನಕ್ಕುಬಿಟ್ರು. ಕರಟ ಬಡಿಯೋದು ನಾ ಎಂದೂ ಕೇಳಿಲ್ಲ ಅಂದ್ರು. ಯಾರು ಹೇಳಿದ್ದು ನಿಮ್ಗೆ?"

"ಯಾರೋ ಹೇಳಿದ್ರು."

"ಯಾರು?"

ಜೋವಿಟಾ ಮೇಜಿನ ಕಡೆ ತಿರುಗಿದಳು. ಹೇಮಶ್ರೀ ಅವಳ ಮುಖವನ್ನೇ ನೋಡುತ್ತಾ ನಿಂತಳು.

"ನನ್ನನ್ನ ಪರೀಕ್ಷೆ ಮಾಡೋಕೆ ಬರೆದ್ರಾ?"

ಇಲ್ಲ ಎನ್ನಲಾಗದೆ ಜೋವಿಟಾ ಆ ತುಣುಕನ್ನು ತೋರಿಸಿದಳು. ಹೇಮಶ್ರೀ ಎರಡು ಸಲ ನೋಡಿದಳು. "ಪಾಳ್ಯಕ್ಕೆ ಹೋಗೋಣ ನಡೀರಿ," ಎಂದಳು.

ಜೋವಿಟಾ ಕಾರು ತೆಗೆದಳು. ಜಗಲಿಯ ಮೇಲೆ ಬಿದಿರು ಸೀಳುತ್ತಾ ಕೂತಿದ್ದ ರಾಮಯ್ಯ ಫೋನಿನಲ್ಲಿ ತುಣುಕು ನೋಡಿ ಹಿಗ್ಗಿಹೋದರು.

"ಅಯ್ಯೋ, ನಮ್ಮ ಕೂಗು! ಹೋದ ಸುಗ್ಗೀಲಿ ಇಬ್ರು ಮೈಕ್ ಹಿಡ್ಕಂಡು ಬಂದಿದ್ರು. ಎಲ್ಲಾ ಹೇಳ್ದೆ."

"ನನಗೆ ಯಾಕೆ ತಿಳಿಸಲಿಲ್ಲ, ರಾಮಯ್ಯನವರೇ?" ಎಂದಳು ಜೋವಿಟಾ.

"ನೀನು ಕೇಳ್ಲಿಲ್ವಲ್ಲವ್ವ. ಆನೆ ಬಂದೈತೆ ಅನ್ನೋದು ಗುಟ್ಟೇನವ್ವಾ? ನಾಲ್ಕು ಜನಕ್ಕೆ ಕೇಳ್ಲಿ ಅಂತಾನೇ ಕೂಗೋದು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಜೋವಿಟಾಳ ತಲೆಯಲ್ಲಿ ಇನ್ನೊಂದು ಎದ್ದಿತು: ಹೀಗೆ ಹೇಳೆಂದು ಹೇಮಶ್ರೀಯೇ ಮುದುಕನಿಗೆ ಕಲಿಸಿದ್ದರೆ?

"ಬಂದಿದ್ದವರ ಹೆಸರೋ ನಂಬರೋ ಏನಾದ್ರೂ ಇದೆಯಾ?" ಎಂದು ಕೇಳಿಯೇಬಿಟ್ಟಳು.

ಹೇಮಶ್ರೀ ತಟ್ಟನೆ ಅವಳ ಕಡೆ ತಿರುಗಿದಳು. ರಾಮಯ್ಯನ ಸೊಸೆ ಪಂಚಾಂಗದ ನಡುವಿನಿಂದ ಒಂದು ಕಾರ್ಡ್ ತೆಗೆದುಕೊಟ್ಟಳು. ಅದರಲ್ಲಿದ್ದುದು ಅದೇ ಕಂಪನಿಯ ಹೆಸರು.

ವಾಪಸು ಬರುವಾಗ ಆಲೂರು ಬಸ್‌ಸ್ಟ್ಯಾಂಡಿನ ಹತ್ತಿರ ಹೇಮಶ್ರೀ ಕಾರು ನಿಲ್ಲಿಸಲು ಹೇಳಿದಳು.

"ತಪ್ಪಾಯ್ತು ಹೇಮಾ. ಬೆಂಗಳೂರಿನ ಮದುವೆಯ ಫೋಟೊನೂ ನೀನು ತೋರಿಸ್ಲಿಲ್ಲ, ಅದಕ್ಕೇ ಅನುಮಾನ ಬಂತು," ಎಂದಳು ಜೋವಿಟಾ.

"ಆ ಮದುವೇಲಿ ನಮ್ಮಮ್ಮನಿಗೂ ಮಾವನಿಗೂ ಜಗಳ ಆಗಿ ಊಟ ಮಾಡ್ದೇ ಎದ್ದು ಬಂದ್ವಿ. ಫೋಟೊ ಎಲ್ಲಿಂದ ತೋರಿಸ್ಲಿ? ಒಂದ್ಸಲ ಕೇಳಿದ್ರೆ ಹೇಳ್ತಿದ್ದೆ." ಕಾರಿನ ಬಾಗಿಲು ತೆಗೆದು ಹೇಳಿದಳು: "ಪುಟ ಬರೆದದ್ದು ಹೋಗ್ಲಿ ಅಕ್ಕಾ. ತಾತ ಅಷ್ಟು ಹೇಳಿದ ಮೇಲೂ ಸಾಕ್ಷಿ ಕೇಳಿದ್ರಿ."

ಒಪ್ಪಿಕೊಂಡಿದ್ದ ಚಿತ್ರಗಳನ್ನೆಲ್ಲ ಅವಳು ಮನೆಯಿಂದಲೇ ಮುಗಿಸಿಕೊಟ್ಟಳು. ಒಂದೂ ತಡವಾಗಲಿಲ್ಲ. ಹೊಂಗಡಹಳ್ಳಕ್ಕೆ ಮಾತ್ರ ಮತ್ತೆ ಬರಲಿಲ್ಲ.

ಡಿಸೆಂಬರಿನಲ್ಲಿ ಆ ಕಂಪನಿಯ ಆಟ ಬಂತು, ಹೆಸರಾಯಿತು. ನಾಲ್ಕು ತಿಂಗಳ ನಂತರ ಬಂದ ಜೋವಿಟಾಳ ಆಟವನ್ನು ಜನ ನಕಲು ಎಂದರು. ಅವಳು ಯಾರಿಗೂ ಉತ್ತರ ಕೊಡಲಿಲ್ಲ. ನಾಲ್ಕನೆಯ ದಿನ ಯಾರೋ ಅವಳ ಆಟದ ಹಳೆಯ ಪೆನ್ಸಿಲ್ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದರು. ಅಟ್ಟಣೆ, ಮನೆಗಳು, ಪ್ರತಿಯೊಂದರ ಮೂಲೆಯಲ್ಲೂ ಎರಡು ವರ್ಷ ಹಿಂದಿನ ತಾರೀಕು. ಹಾಕಿದ್ದವಳು ಹೇಮಶ್ರೀ.

ಜೋವಿಟಾ ಕೂಡಲೇ ಫೋನ್ ಮಾಡಿದಳು.

"ನಿಮಗೋಸ್ಕರ ಅಲ್ಲ ಅಕ್ಕಾ. ಅದು ನನ್ನ ಕೆಲಸಾನೂ ಹೌದಲ್ವಾ," ಎಂದಳು ಹೇಮಶ್ರೀ. ಮೈಸೂರಿನ ಒಂದು ಕಂಪನಿಗೆ ಸೇರಿದ್ದಳಂತೆ. ಹೊಸ ಜಾಗ ಹೇಗಿದೆ ಎಂದು ಕೇಳಿದರೆ, ಪರವಾಗಿಲ್ಲ ಎಂದಳು. ಫೋನಿನಾಚೆ ಯಾರೋ ಅವಳನ್ನು ಊಟಕ್ಕೆ ಕರೆಯುತ್ತಿದ್ದುದು ಕೇಳಿಸಿತು. "ಇಡ್ತೀನಿ," ಎಂದು ಫೋನ್ ಇಟ್ಟಳು.